ದೊಡ್ಡವರಿಗೂ ಕೆಲಸ ಕೊಡುವ ಮಕ್ಕಳ ಸಂಗ್ರಹಾಲಯ: ಬಳ್ಳಾರಿಯ ಒಂದು ಪ್ರಯತ್ನದ ವಿಮರ್ಶೆ

ಬಳ್ಳಾರಿ ನಗರದಲ್ಲಿ ಹಳೆಯ ಹತ್ತಿ ಗೋದಾಮೊಂದನ್ನು ಬಾಡಿಗೆಗೆ ಪಡೆದು, ಕೆಲವು ಶಿಕ್ಷಕರೂ ಪೋಷಕರೂ ಸೇರಿ ಮಕ್ಕಳಿಗಾಗಿ ಒಂದು ಸಂಗ್ರಹಾಲಯವನ್ನು ನಡೆಸುತ್ತಿದ್ದಾರೆ. ಗಾಜಿನ ಪೆಟ್ಟಿಗೆಯೊಳಗಿಟ್ಟು ದೂರದಿಂದ ತೋರಿಸುವ ವಸ್ತು ಅಲ್ಲಿ ಒಂದೂ ಇಲ್ಲ. ಇರುವುದೆಲ್ಲವನ್ನೂ ಮಕ್ಕಳು ಮುಟ್ಟಬಹುದು, ಬಿಚ್ಚಿ ಜೋಡಿಸಬಹುದು, ಬಡಿದು ಸದ್ದು ಮಾಡಬಹುದು, ನೀರು ಚೆಲ್ಲಬಹುದು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನನ್ನ ತರಗತಿಯ ಮಕ್ಕಳೊಂದಿಗೆ, ತಂಗಿಯ ಮಕ್ಕಳೊಂದಿಗೆ, ನಮ್ಮ ಓಣಿಯ ಒಂದು ಕುಟುಂಬದೊಂದಿಗೆ ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಬಂದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಡೆಸುವವರು ಇನ್ನೂ ಹೊಸಬರು, ಮೆಚ್ಚುಗೆಯ ಜೊತೆಗೆ ಕೊರತೆಗಳನ್ನೂ ಬಿಡಿಸಿ ಹೇಳಬೇಕಾಗಿದೆ. ಆದ್ದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆದಿಲ್ಲ. ಊರಿನವರಿಗೆ ಗುರುತು ಸಿಗುವುದು ಕಷ್ಟವಲ್ಲ.

ಇಂಥ ಜಾಗಕ್ಕೆ ಹೋದಾಗ ಸಾಮಾನ್ಯವಾಗಿ ನಾವು ಮಗುವಿನ ಮುಖವನ್ನೇ ನೋಡುತ್ತಿರುತ್ತೇವೆ: ಮಗು ನಕ್ಕಿತೇ, ಬೇಗ ಬೇಸರಗೊಂಡಿತೇ, ಹೊರಡುವಾಗ ಹಟ ಮಾಡಿತೇ. ನಾನು ಅದರ ಜೊತೆಗೆ ಇನ್ನೊಂದನ್ನು ಗಮನಿಸುತ್ತೇನೆ. ಮಗುವಿನ ಕೈ ಹಿಡಿದು ಬಂದ ದೊಡ್ಡವರು, ಅದರಲ್ಲೂ ಅಕ್ಷರ ಬಾರದ ತಾಯಿ, ದಿನಗೂಲಿಯ ತಂದೆ, ಹಳ್ಳಿಯಿಂದ ಬಂದ ಅಜ್ಜಿ, ಒಳಗೆ ಹೋದ ಮೇಲೆ ಏನು ಮಾಡುತ್ತಾರೆ? ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತುಬಿಡುತ್ತಾರೆಯೇ, ಗೋಡೆಗೆ ಒರಗಿ ಹೊತ್ತು ಕಳೆಯುತ್ತಾರೆಯೇ, ಮಗುವಿನ ಪಕ್ಕ ಕುಳಿತು ತಾವೂ ಕೈ ಹಚ್ಚುತ್ತಾರೆಯೇ? ಎಲ್ಲ ಕುಟುಂಬಗಳಿಗೂ ತೆರೆದಿದೆ ಎಂದು ಬೋರ್ಡು ಬರೆಸಿಕೊಂಡ ಸಂಗ್ರಹಾಲಯವನ್ನು ಈ ಪ್ರಶ್ನೆಯಿಂದ ಅಳೆಯಬೇಕು ಎಂಬುದು ನನ್ನ ನಿಲುವು. ಮಗು ಅಲ್ಲಿ ಕಳೆಯುವುದು ಒಂದೆರಡು ಗಂಟೆ. ಉಳಿದೆಲ್ಲ ದಿನ ಅದರ ಪ್ರಶ್ನೆಗಳಿಗೆ ಕಿವಿಗೊಡಬೇಕಾದವರು ಮನೆಯ ಈ ದೊಡ್ಡವರು.

ಮಕ್ಕಳಿಗೆಂದೇ ಸಂಗ್ರಹಾಲಯ ಕಟ್ಟುವ ಯೋಚನೆ ಇಂದಿನದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1899ರಲ್ಲೇ ಅಂಥದೊಂದು ತೆರೆಯಿತು. 1960ರ ದಶಕದಲ್ಲಿ ಬಾಸ್ಟನ್ ಮಕ್ಕಳ ಸಂಗ್ರಹಾಲಯದ ನಿರ್ದೇಶಕರಾಗಿದ್ದ ಮೈಕೆಲ್ ಸ್ಪಾಕ್ ವಸ್ತುಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ಮಕ್ಕಳ ಕೈಗೆ ಕೊಟ್ಟರು. 1969ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಒಪೆನ್‌ಹೈಮರ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಕ್ಸ್‌ಪ್ಲೊರೇಟೋರಿಯಮ್ ಎಂಬ, ಮುಟ್ಟಿ ಮಾಡಿ ಕಲಿಯುವ ವಿಜ್ಞಾನ ಸಂಗ್ರಹಾಲಯವನ್ನು ಆರಂಭಿಸಿದರು. ನಮ್ಮಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದ ಕಟ್ಟಡವನ್ನು ನೆಹರೂ 1962ರಲ್ಲಿ ಉದ್ಘಾಟಿಸಿದರು, ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದ ಇದೆ, ಮುಂಬೈಯಲ್ಲಿ 2019ರಲ್ಲಿ ಒಂದು, 2023ರಲ್ಲಿ ಇನ್ನೊಂದು ದೊಡ್ಡ ಮಕ್ಕಳ ಸಂಗ್ರಹಾಲಯ ತೆರೆದಿವೆ. ಆದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಹೆಚ್ಚಿನ ಮಕ್ಕಳು ಇಂಥ ಜಾಗವನ್ನು ನೋಡುವುದು ಶಾಲಾ ಪ್ರವಾಸದಲ್ಲಿ ಮಾತ್ರ. ಸೀಟಿಯ ಸದ್ದಿಗೆ ಸಾಲಾಗಿ ನಡೆದು, ಯಾವುದರ ಮುಂದೆಯೂ ನಿಲ್ಲಲು ಬಿಡುವಿಲ್ಲದೆ, ಮುಂದಿನ ಊರಿನ ಊಟದ ಹೊತ್ತಿಗೆ ಬಸ್ಸು ಹತ್ತಬೇಕು. ಅವರ ಅಪ್ಪ ಅಮ್ಮಂದಿರಿಗೆ ಅದೂ ಸಿಗುವುದಿಲ್ಲ. ನಾನೂ ಹೀಗೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕಿಯೇ ಆಗಿರುವುದರಿಂದ, ನಮ್ಮ ಊರಿನಲ್ಲೇ, ಮನೆಯವರೊಂದಿಗೆ ಹೋಗಿ ಬೇಕಾದಷ್ಟು ಹೊತ್ತು ಕೂರಬಹುದಾದ ಒಂದು ಜಾಗ ಹುಟ್ಟಿಕೊಂಡದ್ದು ಎಷ್ಟು ದೊಡ್ಡ ಸಂಗತಿ ಎಂಬುದು ನನಗೆ ಚೆನ್ನಾಗಿ ತಿಳಿದಿದೆ.

ಬಾಗಿಲು ದಾಟಿದ ಕೂಡಲೇ ಕಿವಿಗೆ ಬೀಳುವುದು ಕಲ್ಲಿನ ನಾದ. ಬೇರೆ ಬೇರೆ ಉದ್ದದ ಕರಿಕಲ್ಲಿನ ಹಲಗೆಗಳನ್ನು ಹಗ್ಗದಲ್ಲಿ ತೂಗುಹಾಕಿದ್ದಾರೆ. ಪಕ್ಕದಲ್ಲಿ ಸಣ್ಣ ಗುಂಡುಕಲ್ಲುಗಳಿವೆ. ಹಗ್ಗದಲ್ಲಿ ತೂಗುತ್ತಿರುವ ಹಲಗೆ ಘಂಟೆಯಂತೆ ನುಡಿಯುತ್ತದೆ. ಅದನ್ನೇ ಅಂಗೈಯಲ್ಲಿ ಒತ್ತಿ ಹಿಡಿದು ಬಡಿದರೆ ಠಪ್ಪೆಂದು ಸತ್ತ ಸದ್ದು ಬರುತ್ತದೆ. ಕಂಪನಕ್ಕೆ ಅಡ್ಡಿಯಾದರೆ ನಾದ ಅಡಗುತ್ತದೆ ಎಂಬುದನ್ನು ನಾನು ತರಗತಿಯ ಹಲಗೆಯ ಮೇಲೆ ಬರೆದು ವಿವರಿಸುವುದಕ್ಕಿಂತ ಚೆನ್ನಾಗಿ ನಾಲ್ಕು ವರ್ಷದ ಮಗುವೂ ಇಲ್ಲಿ ಕಂಡುಕೊಳ್ಳುತ್ತದೆ. ಇದು ಎಲ್ಲಿಂದಲೋ ತಂದ ಪ್ರಯೋಗವಲ್ಲ ಎಂಬುದು ನನಗೆ ಹೆಚ್ಚು ಇಷ್ಟವಾಯಿತು. ನಗರಕ್ಕೆ ಹತ್ತಿರದ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನ ಇದೇ ಜಾತಿಯ ಡಾಲರೈಟ್ ಕಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದರು. ಬಂಡೆಗಳ ಮೇಲೆ ಉದ್ದ ಕೋಡಿನ ದನಗಳನ್ನು ಕುಟ್ಟಿ ಬಿಡಿಸಿದ್ದರು. ಅಲ್ಲಿನ ಕೆಲವು ಬಂಡೆಗಳ ಮೇಲೆ ಕಲ್ಲಿನಿಂದ ಬಡಿದು ಬಡಿದು ಆದ ಗುಳಿಗಳು ಇಂದಿಗೂ ಇವೆ, ಬಡಿದರೆ ಇಂದಿಗೂ ನುಡಿಯುತ್ತವೆ. ಈ ನೆಲೆಗಳನ್ನು 19ನೇ ಶತಮಾನದಲ್ಲಿ ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪ್ರಾಕ್ತನ ಸಂಗ್ರಹಾಲಯವೂ ಬಳ್ಳಾರಿಯಲ್ಲೇ ಇದೆ. ಕಲ್ಲುಗಣಿಗಾರಿಕೆಯಿಂದ ಕುಪ್ಪಗಲ್ಲಿನ ಬೆಟ್ಟಕ್ಕೆ ಆದ ಹಾನಿಯನ್ನು ಬಲ್ಲವರಿಗೆ, ಮಕ್ಕಳ ಕಿವಿಯಲ್ಲಿ ಈ ನಾದ ಉಳಿಯಬೇಕು ಎಂಬ ಕಾಳಜಿ ಏಕೆಂದು ವಿವರಿಸಬೇಕಾಗಿಲ್ಲ.

ಅದರಾಚೆಗೆ ಬಟ್ಟೆಯ ಮೇಜು ಇದೆ. ಇಡೀ ಸಂಗ್ರಹಾಲಯದಲ್ಲಿ ನನ್ನ ಪ್ರಶ್ನೆಗೆ ಅತ್ಯುತ್ತಮ ಉತ್ತರ ಸಿಕ್ಕಿದ್ದು ಇಲ್ಲಿ, ಹಾಗಾಗಿ ಇದರ ಬಗ್ಗೆ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ಬಳ್ಳಾರಿ ಜೀನ್ಸ್ ಹೊಲಿಗೆಯ ಊರು. ಓಣಿಗೊಂದರಂತೆ ಹೊಲಿಗೆ ಘಟಕಗಳಿವೆ, ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವ ಸಾವಿರಾರು ಹೆಣ್ಣುಮಕ್ಕಳಿದ್ದಾರೆ. ಮೇಜಿನ ಮೇಲೆ ಘಟಕಗಳಿಂದ ತಂದ ಡೆನಿಮ್ ಚೂರುಗಳ ರಾಶಿ, ಕಾಗದದ ಮಾದರಿಗಳು, ದಪ್ಪ ದಾರ, ಭೂತಗನ್ನಡಿ ಇವೆ. ಮೊದಲ ಆಟ ದಾರ ಬಿಡಿಸುವುದು. ಒಂದು ದಿಕ್ಕಿನ ದಾರ ನೀಲಿ, ಅಡ್ಡ ದಿಕ್ಕಿನ ದಾರ ಬಿಳಿ ಎಂಬುದು ಬಿಡಿಸಿದ ಕೂಡಲೇ ಕಾಣುತ್ತದೆ. ಪ್ಯಾಂಟಿನ ಒಳಮೈ ಏಕೆ ಬಿಳಿಚಿಕೊಂಡಿರುತ್ತದೆ ಎಂಬುದಕ್ಕೆ ಅದೇ ಕಾರಣ. ನೀಲಿ ದಾರವನ್ನು ಕತ್ತರಿಸಿ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ನಡುವೆ ಬಿಳಿ ತಿರುಳು ಕಾಣುತ್ತದೆ. ನೀಲಿ ಬಣ್ಣ ದಾರದ ಒಡಲಿಗೆ ಇಳಿಯದೆ ಹೊರಮೈಯಲ್ಲೇ ಕೂರುವುದರಿಂದ ತಿಕ್ಕಿದಲ್ಲಿ, ಒಗೆದಲ್ಲಿ ಮಾಸುತ್ತದೆ ಎಂಬುದು ಮಕ್ಕಳಿಗೆ ಹೀಗೆ ಕಣ್ಣಾರೆ ತಿಳಿಯುತ್ತದೆ.

ಎರಡನೆಯ ಆಟ ಚಪ್ಪಟೆ ತುಂಡುಗಳಿಂದ ಪ್ಯಾಂಟು ಕಟ್ಟುವುದು. ನಮ್ಮ ಓಣಿಯ ಕುಟುಂಬದ ತಾಯಿ ಕೌಲ್ ಬಜಾರಿನ ಒಂದು ಘಟಕದಲ್ಲಿ ಹೊಲಿಯುವವರು. ಟಿಕೆಟ್ ಕೌಂಟರಿನ ಬಳಿಯೇ ಅವರು, “ಟೀಚರಕ್ಕ, ನಾನೇನ್ ಓದಿದಾಕಿ ಅಲ್ಲ, ನಾ ಇಲ್ಲೇ ಕುಂದರ್ತೀನಿ, ನೀವು ಹುಡುಗರನ್ನ ಒಳಗ ಕರ್ಕೊಂಡು ಹೋಗ್ರಿ” ಎಂದು ಸೆರಗು ಸರಿಮಾಡಿಕೊಂಡು ಹಿಂದೆ ಸರಿದಿದ್ದರು. ಅಲ್ಲಿದ್ದ ಸ್ವಯಂಸೇವಕಿ, ಕಾಲೇಜು ಓದುವ ಹುಡುಗಿ, “ಅಕ್ಕಾರ, ಒಳಗ ಹೊಲಿಗಿ ಮೇಜು ಐತ್ರಿ, ನೀವು ಬರ್ಲಿಲ್ಲಂದ್ರ ನಮಗ ಹೇಳಿಕೊಡೋರು ಯಾರು?” ಎಂದು ಕೇಳಿ ಅವರನ್ನು ಒಳಗೆ ಕರೆತಂದಳು. ಅವರ ಮಗ ಮುಂಭಾಗದ ಮತ್ತು ಹಿಂಭಾಗದ ತುಂಡುಗಳನ್ನು ನೇರ ಅಂಚಿನಲ್ಲಿ ಕೂಡಿಸುತ್ತ ಹೋಗಿ ಒಂದು ಚೀಲ ಮಾಡಿಕೊಂಡು ಕುಳಿತಿದ್ದ. ತಾಯಿ ನಾಲ್ಕು ತುಂಡುಗಳನ್ನೂ ಬಿಡಿಸಿ ನೆಲದ ಮೇಲೆ ಹರಡಿ, “ಬಾಗಿದ್ದನ್ನ ಬಾಗಿದ್ದಕ್ಕ ಕೂಡಿಸ್ಬೇಕಪ್ಪ, ಆಗ ಕಾಲು ಬ್ಯಾರೆ ಆಗ್ತಾವ” ಎಂದು ತೋರಿಸಿದರು. ಚಪ್ಪಟೆ ಬಟ್ಟೆಯ ಎರಡು ಬಾಗಿದ ಅಂಚುಗಳು ಸೇರಿದಾಗ ಮೈಗೆ ಹೊಂದುವ ಉಬ್ಬು ಹೇಗೆ ಹುಟ್ಟುತ್ತದೆ ಎಂಬುದು ರೇಖಾಗಣಿತದ ಪಾಠ; ಆ ಪಾಠವನ್ನು ಅಂದು ಮೇಜಿನ ಸುತ್ತ ಸೇರಿದ ಬೇರೆ ಮನೆಗಳ ಮಕ್ಕಳೂ ಅವರಿಂದಲೇ ಕಲಿತರು. ಗಂಟೆ ಕಳೆದರೂ ಅವರು ಏಳಲಿಲ್ಲ. ಓದಿಲ್ಲ ಎಂಬ ಅಳುಕಿನಿಂದ ಹೊರಗೆ ಕೂರುತ್ತಿದ್ದವರೊಬ್ಬರು ಒಳಗಿನ ಅತ್ಯಂತ ಉಪಯುಕ್ತ ವ್ಯಕ್ತಿಯಾದದ್ದು ಆ ಮೇಜನ್ನು ಯೋಜಿಸಿದವರ ಜಾಣ್ಮೆ ಮತ್ತು ಆ ಹುಡುಗಿಯ ಒಂದೇ ವಾಕ್ಯದಿಂದ.

ನೀರಿನ ಮೇಜಿನಲ್ಲೂ ಇದೇ ಗುಣವಿದೆ. ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಿಗೆ ಬದಲಾಗಿ ಐದೇ ಗೇಟುಗಳಿರುವ ತಗಡಿನ ಮಾದರಿ, ಅದರಿಂದ ಎಡದಂಡೆ, ಬಲದಂಡೆಗೆ ಹೊರಡುವ ಕಾಲುವೆಗಳು, ಕಾಲುವೆಯುದ್ದಕ್ಕೂ ತೂಬುಗಳು, ತೂಬಿನಿಂದ ಮರಳಿನ ಗದ್ದೆಗಳಿಗೆ ನೀರು. ಮಕ್ಕಳು ಸಹಜವಾಗಿ ತಮ್ಮೆದುರಿನ ತೂಬನ್ನು ಪೂರ್ತಿ ತೆರೆಯುತ್ತಾರೆ, ಮೇಜಿನ ಕೊನೆಯಲ್ಲಿರುವ ಮಗುವಿನ ಗದ್ದೆ ಒಣಗುತ್ತದೆ, ಜಗಳ ಶುರುವಾಗುತ್ತದೆ. ಕಾಲುವೆಯ ಕೊನೆಯ ಭಾಗದ ರೈತರ ಸಂಕಟ ನಮ್ಮ ಜಿಲ್ಲೆಗಳಲ್ಲಿ ಪತ್ರಿಕೆಯ ಸುದ್ದಿಯಾಗಿ ಹಳತಾಗಿರಬಹುದು, ಮೇಜಿನ ಮೇಲೆ ಅದು ಐದೇ ನಿಮಿಷದಲ್ಲಿ ಅರ್ಥವಾಗುತ್ತದೆ. ನಾನಿದ್ದಾಗ ಸಿರುಗುಪ್ಪ ಕಡೆಯ ಒಬ್ಬ ತಾತ, ಭತ್ತ ಬೆಳೆದು ಅನುಭವವಿದ್ದವರು, ಮಕ್ಕಳ ಜಗಳ ಬಿಡಿಸಿ, ಮೊದಲು ಕೊನೆಯ ಗದ್ದೆಗೆ ನೀರು ಮುಟ್ಟಲಿ, ಆಮೇಲೆ ಒಂದೊಂದೇ ತೂಬು ಮೇಲಕ್ಕೆ ತೆರೆಯುತ್ತ ಬನ್ನಿ ಎಂದು ಸರದಿ ಹಾಕಿಕೊಟ್ಟರು. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ರಭಸದ ನೀರಿನಲ್ಲೇ ತಾತ್ಕಾಲಿಕ ಗೇಟನ್ನು ತುಂಡು ತುಂಡಾಗಿ ಇಳಿಸಿ ಹರಿವನ್ನು ನಿಲ್ಲಿಸಿದ್ದನ್ನು ಇಲ್ಲಿ ಆಟವಾಗಿಸಿದ್ದಾರೆ: ಒಂದು ಗೇಟಿನ ಸರಪಳಿಯನ್ನು ಬಿಚ್ಚಬಹುದು, ಬಿಚ್ಚಿದರೆ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಇಳಿಸಿ ಹರಿವನ್ನು ಕಟ್ಟಬೇಕು. ಎಲ್ಲ ಪಟ್ಟಿಗಳನ್ನೂ ಒಮ್ಮೆಲೇ ಇಳಿಸಲು ಹೋದವರ ಕೈಯನ್ನು ನೀರು ತಳ್ಳಿಬಿಡುತ್ತದೆ. ದೊಡ್ಡ ಹುಡುಗರು ಈ ಮೇಜನ್ನು ಬಿಟ್ಟು ಕದಲುವುದಿಲ್ಲ, ಚಿಕ್ಕವರಿಗೆ ಸರದಿ ಸಿಗುವುದಿಲ್ಲ ಎಂಬುದು ಒಂದು ತೊಡಕು. ಇನ್ನೊಂದು ಮೇಜು ಬೇಕೇ ಬೇಕು.

ಉಳಿದ ಮೂಲೆಗಳನ್ನು ಬೇಗ ಹೇಳುತ್ತೇನೆ. ಸನ್ನೆಗೋಲಿನ ಮೂಲೆಯಲ್ಲಿ ರಾಯಚೂರು ಕೋಟೆಯ ಗೋಡೆಯಲ್ಲಿರುವ 1294ರ ಶಾಸನದ ಕಲ್ಲಿನ ಚಿತ್ರವಿದೆ. 41 ಅಡಿಗೂ ಮೀರಿದ ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿ ತಂದ ದೃಶ್ಯವನ್ನು ಅಲ್ಲೇ ಗೋಡೆಯ ಮೇಲೆ ಕೆತ್ತಿರುವುದನ್ನು ನಕಲು ಮಾಡಿ ತೋರಿಸಿದ್ದಾರೆ. ಕೆಳಗೆ ಉರುಳುಗೋಲುಗಳ ಮೇಲೆ ಭಾರದ ಕಲ್ಲೊಂದನ್ನು ಮಕ್ಕಳು ತಾವೇ ದೂಡಬಹುದು. ಅದಿರಿನ ಮೂಲೆಯಲ್ಲಿ ಒಂದೇ ಗಾತ್ರದ ಗ್ರಾನೈಟ್ ಮತ್ತು ಕಬ್ಬಿಣದ ಅದಿರಿನ ತುಂಡುಗಳಿವೆ. ಅದಿರು ಸುಮಾರು ಎರಡರಷ್ಟು ತೂಗುತ್ತದೆ. ಕಬ್ಬಿಣವಿದ್ದರೂ ಅಯಸ್ಕಾಂತ ಅದನ್ನು ಸೆಳೆಯುವುದಿಲ್ಲವೇಕೆ ಎಂದು ಮಕ್ಕಳು ಕೇಳುತ್ತಾರೆ. ನಮ್ಮ ಸಂಡೂರಿನ ಅದಿರು ಹೆಚ್ಚಾಗಿ ಹೆಮಟೈಟ್, ಅಂದರೆ ಅಯಸ್ಕಾಂತ ಬಲವಾಗಿ ಸೆಳೆಯದ ಬಗೆಯ ಅದಿರು. ಈ ಪ್ರಶ್ನೆಗೆ ಉತ್ತರ ಹೇಳಲು ಅಲ್ಲಿ ಯಾರೂ ಇರಲಿಲ್ಲ, ಫಲಕವೂ ಇರಲಿಲ್ಲ. ಅಯಸ್ಕಾಂತ ಸೆಳೆಯುವ ಮ್ಯಾಗ್ನಟೈಟ್ ಅದಿರಿನ ಒಂದು ತುಂಡನ್ನು ಪಕ್ಕದಲ್ಲಿಟ್ಟರೆ ಸಾಕು, ಮಕ್ಕಳೇ ವ್ಯತ್ಯಾಸ ಕಂಡುಕೊಳ್ಳುತ್ತಾರೆ.

ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಮೂಲೆ ಮಾತ್ರ ನನಗೆ ನಿರಾಸೆ ತಂದಿತು. ಹಗುರವಾದ ಪೊಲ್ಕಿ ಮರವನ್ನು ಕೆತ್ತಿ, ಹುಣಸೆಬೀಜದ ಅಂಟು ಬಳಸಿ, ಮೈ ನುಣುಪುಮಾಡಿ, ಬಣ್ಣ ಬಳಿಯುವವರೆಗಿನ ಹಂತಗಳನ್ನು ಒಂದೊಂದಾಗಿ ಮುಟ್ಟಿ ನೋಡಲು ಇಟ್ಟಿರುವುದು ಸರಿಯೇ. ಆದರೆ ಕೊಪ್ಪಳಕ್ಕೆ ಹತ್ತಿರದ ಕಿನ್ನಾಳದ ಚಿತ್ರಗಾರ ಮನೆತನಗಳಿಂದ ಯಾರೊಬ್ಬರೂ ಇಲ್ಲಿ ಕುಳಿತು ಕೆಲಸ ಮಾಡುತ್ತಿಲ್ಲ, ಅವರ ಮಕ್ಕಳು ಬಂದು ಆಡಲೂ ವ್ಯವಸ್ಥೆಯಿಲ್ಲ. ಅದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಅಡಿಗಲ್ಲು ಬಿತ್ತು. ಆಟಿಕೆ ಮಾಡುವ ಕೈಗಳು ನಮ್ಮ ಸೀಮೆಯಲ್ಲಿ ಇಷ್ಟೊಂದಿರುವಾಗ, ಆ ಕೈಗಳನ್ನು ಹೊರಗಿಟ್ಟು ವಸ್ತುಗಳನ್ನಷ್ಟೇ ತೋರಿಸುವುದು ಬಟ್ಟೆಯ ಮೇಜು ಕಲಿಸಿದ ಪಾಠವನ್ನು ಪಕ್ಕದ ಮೂಲೆಯಲ್ಲೇ ಮರೆತಂತಾಗಿದೆ.

ಈಗ ಬಾಗಿಲಿನ ಹೊರಗಿನ ಸಂಗತಿಗಳು. ಟಿಕೆಟ್ ದೊಡ್ಡವರಿಗೂ ಮಕ್ಕಳಿಗೂ ತಲಾ 50 ರೂಪಾಯಿ. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡು ತೋರಿಸಿದರೆ ಇಡೀ ಕುಟುಂಬಕ್ಕೆ 10 ರೂಪಾಯಿ. ಮಾಲ್‌ಗಳ ಆಟದ ವಲಯಗಳಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಿ, ಗಡಿಯಾರ ನೋಡುತ್ತ ಮಗುವನ್ನು ಅವಸರಪಡಿಸುವ ಪೋಷಕರನ್ನು ಕಂಡವರಿಗೆ, ಇಲ್ಲಿ ಹೊತ್ತಿನ ಮಿತಿಯೇ ಇಲ್ಲದಿರುವುದು ಎಷ್ಟು ನೆಮ್ಮದಿ ಎಂದು ಗೊತ್ತಾಗುತ್ತದೆ. ಅಮೆರಿಕದಲ್ಲಿ 2014ರಲ್ಲಿ ಆರಂಭವಾದ ‘ಮ್ಯೂಸಿಯಮ್ಸ್ ಫಾರ್ ಆಲ್’ ಎಂಬ ವ್ಯವಸ್ಥೆಯೂ ಇದೇ ಬಗೆಯದು: ಸರ್ಕಾರದ ಆಹಾರ ಸಹಾಯದ ಕಾರ್ಡನ್ನು ತೋರಿಸಿದ ಕುಟುಂಬದ ನಾಲ್ವರವರೆಗೆ ಪ್ರವೇಶ ಉಚಿತ, ಇಲ್ಲವೇ ಒಬ್ಬರಿಗೆ ಹೆಚ್ಚೆಂದರೆ 3 ಡಾಲರ್. ಅದರಲ್ಲಿ ನನಗೆ ಮುಖ್ಯವೆನಿಸುವ ಅಂಶವೆಂದರೆ ಈ ರಿಯಾಯಿತಿ ತೆರೆದಿರುವ ಎಲ್ಲ ದಿನಗಳಿಗೂ ಅನ್ವಯಿಸುತ್ತದೆ. ಬಡವರಿಗೆಂದು ಬೇರೆಯೇ ಒಂದು ದಿನವನ್ನು ಎತ್ತಿಡುವುದಿಲ್ಲ. ಬಳ್ಳಾರಿಯ ಈ ಸಂಗ್ರಹಾಲಯವೂ ಎಲ್ಲ ದಿನ ರಿಯಾಯಿತಿ ಕೊಡುತ್ತದೆ, ಅಷ್ಟರಮಟ್ಟಿಗೆ ಅದರ ನೀತಿ ಸರಿಯಾಗಿದೆ.

ನೀತಿ ಸರಿಯಿದ್ದರೂ ಅದನ್ನು ಜಾರಿಗೊಳಿಸುವ ಬಗೆ ಸರಿಯಿಲ್ಲ. ಕೌಂಟರಿನಲ್ಲಿ ಕುಳಿತವರು ಸಾಲಿನಲ್ಲಿ ನಿಂತ ಎಲ್ಲರಿಗೂ ಕೇಳಿಸುವಂತೆ “ಕಾರ್ಡ್ ತಂದೀರೇನ್ರಿ?” ಎಂದು ಕೇಳುತ್ತಾರೆ, ಕಾರ್ಡನ್ನು ತೆಗೆದುಕೊಂಡು ಹೆಸರು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಕಾರ್ಡು ಮರೆತು ಬಂದ ಒಂದು ಕುಟುಂಬ ವಾದಿಸದೆ, ಮಕ್ಕಳಿಗೆ ಇನ್ನೊಮ್ಮೆ ಬರೋಣ ಎಂದು ಹೇಳಿ ಹಿಂತಿರುಗಿದ್ದನ್ನು ನಾನು ಕಂಡೆ. ಅವರು ಇನ್ನೊಮ್ಮೆ ಬರುವುದಿಲ್ಲ ಎಂದು ನನಗೆ ಭಯ. ಎಲ್ಲರಿಗೂ ಒಂದೇ ಬಣ್ಣದ ಟಿಕೆಟ್ ಕೊಟ್ಟು, 10 ಮತ್ತು 50 ಎಂಬ ಎರಡು ದರಗಳನ್ನು ಗೋಡೆಯ ಮೇಲೆ ಬರೆದು, ಯಾವುದನ್ನು ಕೊಡಬೇಕೆಂಬುದನ್ನು ಬಂದವರಿಗೇ ಬಿಟ್ಟರೆ ಏನೂ ಮುಳುಗುವುದಿಲ್ಲ. ಸುಳ್ಳು ಹೇಳಿ ಕಡಿಮೆ ಕೊಡುವವರು ಕೆಲವರು ಇದ್ದೇ ಇರುತ್ತಾರೆ. ಅವರಿಂದಾಗುವ ನಷ್ಟಕ್ಕಿಂತ ಬಾಗಿಲಿನಿಂದ ಹಿಂತಿರುಗಿದ ಆ ಮಕ್ಕಳ ನಷ್ಟ ದೊಡ್ಡದು.

ಟಿಕೆಟ್ಟಿಗಿಂತ ದೊಡ್ಡ ಖರ್ಚು ದಾರಿ ಮತ್ತು ಹೊತ್ತಿನದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದದ್ದು ಇಂಥ ಜಾಗಗಳ ಮಟ್ಟಿಗೆ ದೊಡ್ಡ ನೆರವು. ಕುರುಗೋಡು, ಸಿರುಗುಪ್ಪ ಕಡೆಗಳಿಂದ ತಾಯಂದಿರು, ಅಜ್ಜಿಯರು ಮಕ್ಕಳೊಂದಿಗೆ ಬರುತ್ತಿರುವುದನ್ನು ನಾನೇ ಮಾತನಾಡಿಸಿ ತಿಳಿದೆ. ಗಂಡುಹುಡುಗನಿಗೆ ಅರ್ಧ ಟಿಕೆಟ್ ಕೊಟ್ಟರೆ ಬಸ್ಸಿನ ಖರ್ಚು ಮುಗಿಯುತ್ತದೆ. ಆದರೆ ಬಸ್ ನಿಲ್ದಾಣದಿಂದ ಗೋದಾಮಿನವರೆಗೆ ಆಟೊದವರು ಕೇಳುವ ಬಾಡಿಗೆ ಸಂಗ್ರಹಾಲಯದ ರಿಯಾಯಿತಿಯನ್ನೆಲ್ಲ ನುಂಗಿಹಾಕುತ್ತದೆ. ರಜೆಯ ದಿನಗಳಲ್ಲಿ ನಿಲ್ದಾಣದಿಂದ ಒಂದು ವಾಹನವನ್ನು ಗೊತ್ತಾದ ಹೊತ್ತಿಗೆ ಓಡಿಸುವುದು ಅಸಾಧ್ಯವಾದ ಮಾತಲ್ಲ. ಇನ್ನು ಹೊತ್ತು: ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ತೆರೆದಿರುತ್ತದೆ, ಸೋಮವಾರ ರಜೆ. ಪೀಸಿನ ಲೆಕ್ಕದಲ್ಲಿ ದುಡಿಯುವವರಿಗೆ ಹಗಲು ಹೊತ್ತು ಬಿಟ್ಟುಬರುವುದೆಂದರೆ ಆ ದಿನದ ಕೂಲಿಯನ್ನು ಬಿಟ್ಟಂತೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ ಮಕ್ಕಳು ಆಡಲಾರರು. ದೊಡ್ಡ ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತವೆ. ಬೇಸಿಗೆಯಲ್ಲಾದರೂ ಬೆಳಿಗ್ಗೆ ಏಳರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು ಎಂದು ಬದಲಿಸಿದರೆ ಕೂಲಿಯೂ ಉಳಿಯುತ್ತದೆ, ಮಕ್ಕಳ ಮೈಯೂ ಉಳಿಯುತ್ತದೆ.

ಅಂಗವೈಕಲ್ಯವಿರುವ ಮಕ್ಕಳ ವಿಷಯದಲ್ಲಿ ಇಲ್ಲಿ ಯೋಚನೆ ನಡೆದಿದೆ, ಕೆಲಸ ಅರ್ಧಕ್ಕೆ ನಿಂತಿದೆ. ಬಾಗಿಲಿನ ಇಳಿಜಾರನ್ನು ನಿಯಮದಂತೆ 12 ಅಡಿ ಉದ್ದಕ್ಕೆ ಒಂದು ಅಡಿಯಷ್ಟೇ ಏರುವಂತೆ ಕಟ್ಟಿದ್ದಾರೆ, ಗಾಲಿಕುರ್ಚಿ ಸಲೀಸಾಗಿ ಒಳಗೆ ಬರುತ್ತದೆ. ಆದರೆ ನೀರಿನ ಮೇಜಿನ ಕೆಳಗೆ ಮೊಣಕಾಲು ಹೋಗಲು ಜಾಗವಿಲ್ಲದೆ, ಗಾಲಿಕುರ್ಚಿಯಲ್ಲಿರುವ ಮಗು ಅಡ್ಡಡ್ಡ ತಿರುಗಿ ಒಂದೇ ಕೈಯಲ್ಲಿ ಆಡಬೇಕಾಗುತ್ತದೆ. ಶೌಚಾಲಯದ ಬಾಗಿಲು ಅಗಲವಾಗಿದೆ, ಒಳಗೆ ಹಿಡಿದುಕೊಳ್ಳಲು ಕಂಬಿಯಿಲ್ಲ. ಕನ್ನಡ ಬ್ರೈಲ್ ಫಲಕಗಳಿವೆ. ಅವನ್ನು ಗೋಡೆಯ ಮೇಲೆ ದೊಡ್ಡವರ ಎದೆಯ ಎತ್ತರಕ್ಕೆ ಹಾಕಿದ್ದಾರೆ, ಮಗುವಿನ ಬೆರಳು ಅಲ್ಲಿಗೆ ತಲುಪುವುದಿಲ್ಲ. ಇವೆಲ್ಲವನ್ನೂ ಒಬ್ಬ ಬಡಗಿ ಕೆಲವೇ ದಿನಗಳಲ್ಲಿ ಸರಿಪಡಿಸಬಹುದು. ಮೆಚ್ಚಬೇಕಾದದ್ದು ಸದ್ದಿಲ್ಲದ ಹೊತ್ತಿನ ವ್ಯವಸ್ಥೆ. ಬುಧವಾರ ಬೆಳಿಗ್ಗೆ ಕಲ್ಲುಗಳ ಮೂಲೆಗೆ ಪರದೆ ಎಳೆದು, ಒಳಗೆ ಬರುವವರ ಸಂಖ್ಯೆಯನ್ನು ಮಿತಿಗೊಳಿಸಿ, ಆಟಿಸಂ ಇರುವ ಮಕ್ಕಳ ಕುಟುಂಬಗಳಿಗೆ ಅವಕಾಶ ಕೊಡುತ್ತಾರೆ. ಮಗು ಕಿರುಚಿದರೆ ತಿರುಗಿ ನೋಡುವವರಿಲ್ಲದ ಜಾಗ ಊರಿನಲ್ಲಿ ಇದೊಂದೇ ಎಂದು ಅಂಥ ಮಗುವಿನ ತಂದೆಯೊಬ್ಬರು ನನಗೆ ಹೇಳಿದರು.

ಭಾಷೆಯ ವಿಷಯದಲ್ಲಿ ಬಳ್ಳಾರಿಗೆ ವಿಶೇಷ ಎಚ್ಚರ ಬೇಕು. ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತನಾಡುವ ಮನೆಗಳಿರುವ ಊರಿದು. ಫಲಕಗಳು ಕನ್ನಡ ಮತ್ತು ಇಂಗ್ಲಿಷಿನಲ್ಲಿವೆ, ಅಕ್ಷರಗಳು ಸಣ್ಣವು, ವಾಕ್ಯಗಳು ಉದ್ದ. ಓದಬಲ್ಲ ಮಕ್ಕಳೂ ಅವನ್ನು ಓದುವುದಿಲ್ಲ. ಸ್ವಯಂಸೇವಕರು ಬಂದವರ ಭಾಷೆಗೆ ತಕ್ಕಂತೆ ಸಲೀಸಾಗಿ ಹೊರಳಿಕೊಳ್ಳುವುದರಿಂದ ಸದ್ಯಕ್ಕೆ ಕೆಲಸ ನಡೆಯುತ್ತಿದೆ. ಆಟ ಹೇಗೆ ಆರಂಭಿಸಬೇಕು ಎಂಬುದನ್ನು ಮೂರು ಚಿತ್ರಗಳಲ್ಲಿ ತೋರಿಸಿ, ಬರಹವನ್ನು ನಾಲ್ಕು ಸಾಲಿಗೆ ಇಳಿಸುವುದು ಉತ್ತಮ.

ಹೊರಬರುವ ದಾರಿಯಲ್ಲಿ ಆಟಿಕೆಯ ಅಂಗಡಿಯೊಂದಿದೆ, ಅದನ್ನು ದಾಟದೆ ಹೊರಬರಲು ಸಾಧ್ಯವಿಲ್ಲ. 250 ರೂಪಾಯಿಯ ಸೂಕ್ಷ್ಮದರ್ಶಕ, 400 ರೂಪಾಯಿಯ ಜೋಡಣೆ ಆಟಿಕೆ ಮಕ್ಕಳ ಕಣ್ಣಿನ ಎತ್ತರಕ್ಕೇ ಇವೆ. 10 ರೂಪಾಯಿಯ ಟಿಕೆಟಿನಲ್ಲಿ ಒಳಗೆ ಬಂದು ಎರಡು ಗಂಟೆ ಎಲ್ಲ ಮಕ್ಕಳಂತೆಯೇ ಆಡಿದ ಮಗುವನ್ನು ತಾಯಿ ಇಲ್ಲಿ ಕೈ ಹಿಡಿದು ಎಳೆದುಕೊಂಡು ಹೋಗಬೇಕಾಗುತ್ತದೆ. ಈ ಸಂಸ್ಥೆಯ ಕಾಳಜಿಗೆ ಒಪ್ಪದ ಸಂಗತಿ ಇದೊಂದೇ ಎಂದು ನನಗೆ ಅನಿಸಿತು. 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರುಗಳಿಂದ ತ್ರಿಕೋನ, ಘನಾಕೃತಿಗಳನ್ನು ಕಟ್ಟಿಸುತ್ತಿದ್ದರು. ಕಸದಿಂದ ಆಟಿಕೆ ಮಾಡುವ ಕೆಲಸಕ್ಕೆ 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಗಡಿಯ ಜಾಗದಲ್ಲಿ ಅಂಥದೊಂದು ಮೇಜಿಟ್ಟು, ಪ್ರತಿ ಮಗುವೂ ತಾನೇ ಮಾಡಿದ್ದೊಂದನ್ನು ಮನೆಗೆ ಒಯ್ಯುವಂತೆ ಮಾಡಬೇಕು. ಮಾರಾಟ ಬೇಕೇ ಬೇಕೆಂದರೆ ಕೌಂಟರಿನ ಪಕ್ಕ, ಕೇಳಿದವರಿಗೆ ಮಾತ್ರ ತೆಗೆದು ತೋರಿಸಬಹುದು.

ಸಂಗ್ರಹಾಲಯದ ಇನ್ನೊಂದು ಸೇವೆ ಗೋದಾಮಿನ ಹೊರಗಿದೆ. ಮರದ ಪೆಟ್ಟಿಗೆಗಳಲ್ಲಿ ಸಣ್ಣ ಕಲ್ಲುಹಲಗೆಗಳು, ಡೆನಿಮ್ ಚೂರುಗಳು, ತೂಬಿನ ತಗಡು ಮಾದರಿಗಳನ್ನು ತುಂಬಿ ಅರಿವು ಕೇಂದ್ರ ಎಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಕೆಲವು ವಾರಗಳ ಮಟ್ಟಿಗೆ ಕಳಿಸುತ್ತಾರೆ. 1965ರಲ್ಲೇ ಕೊಲ್ಕತ್ತದ ಬಿರ್ಲಾ ಸಂಗ್ರಹಾಲಯದವರು ವಿಜ್ಞಾನ ಪ್ರದರ್ಶನವನ್ನು ಬಸ್ಸಿನಲ್ಲಿ ತುಂಬಿ ಹಳ್ಳಿಗಳಿಗೆ ಒಯ್ದಿದ್ದರು. ಅದೇ ಯೋಚನೆ ಇಲ್ಲಿ ಬಸ್ಸಿಲ್ಲದೆಯೂ ನಡೆಯುತ್ತಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳಿಗೆ ಈ ಗ್ರಂಥಾಲಯಗಳ ಪರಿಚಯ ಈಗಾಗಲೇ ಇರುವುದರಿಂದ ಪೆಟ್ಟಿಗೆಗೆ ಬಾಗಿಲು ಹುಡುಕಬೇಕಾಗಿಲ್ಲ. ಹಳ್ಳಿಯೊಂದರ ಅರಿವು ಕೇಂದ್ರದಲ್ಲಿ ನಾನು ನೋಡಿದ ಪೆಟ್ಟಿಗೆ ಚೆನ್ನಾಗಿ ಬಳಕೆಯಾಗಿತ್ತು, ಡೆನಿಮ್ ಚೂರುಗಳು ಪೂರ್ತಿ ಖಾಲಿಯಾಗಿದ್ದವು. ಗ್ರಂಥಪಾಲಕರು ಹೊಸ ಚೂರುಗಳನ್ನು ಕೇಳಿ ಫೋನು ಮಾಡಿದ್ದರು, ಬಹುದಿನಗಳಾದರೂ ಬಂದಿರಲಿಲ್ಲ. ನರೇಗಾ ಕೂಲಿಕಾರರ ಪುಟ್ಟ ಮಕ್ಕಳನ್ನು ನೋಡಿಕೊಳ್ಳಲೆಂದು ಆರಂಭವಾದ ಕೂಸಿನ ಮನೆಗಳಿಗೂ ಪೆಟ್ಟಿಗೆ ಹೋಗಬೇಕು, ಆದರೆ ಆ ವಯಸ್ಸಿನವರಿಗೆ ಬಾಯಿಗೆ ಹಾಕಿಕೊಂಡರೂ ಅಪಾಯವಿಲ್ಲದ ದೊಡ್ಡ ವಸ್ತುಗಳ ಬೇರೆ ಪೆಟ್ಟಿಗೆ ಬೇಕಾಗುತ್ತದೆ. ಗುಳೆ ಹೋಗುವ ಕುಟುಂಬಗಳು ಹೆಚ್ಚಿರುವ ಊರುಗಳಿಗೆ, ಅವರು ಊರು ಬಿಡುವ ಮೊದಲೇ ಪೆಟ್ಟಿಗೆ ತಲುಪುವಂತೆ ವೇಳಾಪಟ್ಟಿ ಮಾಡಿದರೆ ಇನ್ನೂ ಒಳ್ಳೆಯದು.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಭಾನುವಾರ ಮಧ್ಯಾಹ್ನ ವಿಪರೀತ ಗದ್ದಲ. ಶನಿವಾರ ಬೆಳಿಗ್ಗೆ ಹತ್ತಕ್ಕೇ ಹೋದರೆ ನೀರಿನ ಮೇಜು ಸಿಗುತ್ತದೆ. ಮಕ್ಕಳಿಗೆ ಒಂದು ಜೊತೆ ಒಣ ಬಟ್ಟೆ, ಕುಡಿಯುವ ನೀರು ಜೊತೆಗಿರಲಿ. ಬುತ್ತಿ ಬಿಚ್ಚಲು ಹಿಂದಿನ ಬೇವಿನ ಮರದ ಕೆಳಗೆ ಕಟ್ಟೆಯಿದೆ, ಯಾರೂ ಬೇಡವೆನ್ನುವುದಿಲ್ಲ. ಹಾಲು ಕುಡಿಯುವ ಕೂಸಿರುವವರಿಗೆ ಪರದೆಯ ಕೋಣೆಯೊಂದಿದೆ. ಬೋರ್ಡು ಹಾಕಿಲ್ಲ, ಸ್ವಯಂಸೇವಕಿಯರನ್ನು ಕೇಳಬೇಕು. ಕಾರ್ಡು ಮರೆತಿದ್ದರೆ ಹಿಂತಿರುಗದೆ, ಒಳಗಿರುವ ಸಂಚಾಲಕರನ್ನು ಕರೆಯಿಸಿ ಮಾತನಾಡಿ, ಅವರು ಬಿಟ್ಟುಕೊಡುತ್ತಾರೆ. ತಾತ, ಅಜ್ಜಿಯರನ್ನು ತಪ್ಪದೆ ಕರೆದುಕೊಂಡು ಹೋಗಿ. ಮೇಜುಗಳ ಬಳಿ ದೊಡ್ಡವರು ಕೂರಲು ಒಂದೂ ಆಸನವಿಲ್ಲ. ಮಡಚುವ ಕುರ್ಚಿಗಳು ಕಚೇರಿಯ ಕೋಣೆಯಲ್ಲಿವೆ, ಕೇಳಿದರೆ ತಂದು ಹಾಕುತ್ತಾರೆ.